ಹಲಸಿನ ಬೀಜವೂ ಆಹಾರವೇ

ಜ್ಯೇಷ್ಠ, ಆಷಾಢ ಮಾಸಗಳಲ್ಲಿ ಸೊರಬ ಸೀಮೆಯ ಹಿತ್ತಿಲುಗಳಲ್ಲಿ ಹಲಸಿನ ಹಣ್ಣು ಮರದಡಿಯಲ್ಲಿಯೇ ಬಿದ್ದು ಕೊಳೆಯುವುದು ಎಲ್ಲರೂ ಕಂಡ ಸಂಗತಿ. ಬಕ್ಕೆ ಜಾತಿಯ ಹಣ್ಣಿಗಾದರೂ ಪೇಟೆಯಲ್ಲಿ ಗಿರಾಕಿಯುಂಟು. ಮೆತ್ತನೆಯ ತೊಳೆಯ ಹಣ್ಣು ಬಹುಮಟ್ಟಿಗೆ ದನಗಳ ಪಾಲು. ತೊಳೆಯನ್ನು ತಿಂದವರು ಸಹ ಬೀಜವನ್ನು ತಿಪ್ಪೆಗೆ ಎಸೆದು, ಅದೇ ಮಳೆಗಾಲದಲ್ಲಿ ಶಿಕಾರಿಪುರದ ಸಂತೆಯಿಂದ ತರಕಾರಿಯನ್ನು ಹಣ ಕೊಟ್ಟು ತರುತ್ತಾರೆ. ಈ ರೂಢಿಯು ಮನೆಯ ಖರ್ಚಿಗೂ ಮಕ್ಕಳ ಪುಷ್ಟಿಗೂ ನಷ್ಟಕರವಾದದ್ದು.

ಇಟಲಿ, ಫ್ರಾನ್ಸ್ ದೇಶಗಳ ಗುಡ್ಡಗಾಡಿನ ಬಡಜನರು ಗೋಧಿ ಒಗ್ಗದ ನೆಲದಲ್ಲಿ ಶತಮಾನಗಳ ಕಾಲ ಚೆಸ್ಟ್‌ನಟ್ ಎಂಬ ಮರದ ಬೀಜವನ್ನು ಒಣಗಿಸಿ, ಬೀಸಿ, ಆ ಹಿಟ್ಟಿನಿಂದ ಹೊಟ್ಟೆ ಹೊರೆದರು. ಆ ಮರ ಮಲೆನಾಡಿನದಲ್ಲ. ಆದರೆ ಬಚ್ಚಲೊಲೆಯ ಕೆಂಡದಲ್ಲಿ ಸುಟ್ಟ ಹಲಸಿನ ಬೀಜದ ರುಚಿ ಅದಕ್ಕೆ ತೀರ ಸಮೀಪವಾದುದೆಂದು ಎರಡನ್ನೂ ಬಲ್ಲವರು ಹೇಳುತ್ತಾರೆ. ಸತ್ವದಲ್ಲಿ ಹೋಲಿಸಿದರೆ ಒಂದು ಅಂಶದಲ್ಲಿ ಹಲಸೇ ಮೇಲು. ೧೦೦ ಗ್ರಾಂ ಹಸಿ ಚೆಸ್ಟ್‌ನಟ್ಟಿನಲ್ಲಿ ಸಸಾರಜನಕವು ೨ ಗ್ರಾಮಿಗೆ ಸ್ವಲ್ಪ ಹೆಚ್ಚು. ಅಷ್ಟೇ ತೂಕದ ಹಲಸಿನ ಬೀಜದಲ್ಲಿ ೬ ಗ್ರಾಮಿಗೂ ಮೇಲ್ಪಟ್ಟು ಇರುತ್ತದೆ. ಕೊಬ್ಬು ಅರ್ಧ ಗ್ರಾಮಿನಷ್ಟೂ ಇಲ್ಲ. ಉಳಿದುದರಲ್ಲಿ ಹೆಚ್ಚಿನದು ನೀರು ಮತ್ತು ಪಿಷ್ಟ. ಆದುದರಿಂದ ಇದನ್ನು ಶೇಂಗಾ, ಗೋಡಂಬಿಗಳ ಸಾಲಿನಲ್ಲಿಡದೆ ಅನ್ನದ ಸಾಲಿನಲ್ಲಿ ಎಣಿಸುವುದು ಸರಿ. ಸಿಹಿಮೂತ್ರದ ರೋಗಿಗಳು ಅನ್ನವನ್ನು ಅಷ್ಟರಮಟ್ಟಿಗೆ ಕಡಮೆ ಮಾಡಿ ಇದನ್ನು ಉಣ್ಣತಕ್ಕದ್ದು.

ಹೊಟ್ಟೆ ಉಬ್ಬುವುದೆಂಬ ದೂರು ಸುಳ್ಳಲ್ಲ. ಹಸಿ ಬೀಜದಲ್ಲಿ ಸಸಾರಜನಕದ ಪಚನವನ್ನು ತಡೆಯುವ ಒಂದು ಅಂಶವೂ ಇದೆ; ಚೆನ್ನಾಗಿ ಬೇಯಿಸಿದರೆ ಅದು ಬಹುಮಟ್ಟಿಗೆ ನಾಶವಾಗುತ್ತದೆ. ಅರೆಬೆಂದುದನ್ನು ತಿಂದು ಬೀಜವನ್ನು ದೂಷಿಸುವುದು ನ್ಯಾಯವಲ್ಲ. ಸೌತೆಕಾಯಿಯ ಹುಳಿಗೆ ಇದನ್ನು ಬೇಯಿಸಿ ಹಾಕಿ ಇಂಗಿನ ಒಗ್ಗರಣೆ ಕೊಡುವ ಹಿರಿಯ ಹೆಂಗಸರ ಕ್ರಮದಲ್ಲಿ ವಿವೇಕವಿದೆ. ಸುಡುವಾಗ ಸಿಪ್ಪೆಯನ್ನು ಮೊದಲು ಸೀಳಬೇಕು. ಇಲ್ಲವಾದರೆ ಬೀಜ ಸಿಡಿದು ಮಕ್ಕಳ ಕಣ್ಣಿಗೆ ಅಪಾಯ.

ನಿಜವಾದ ತೊಡಕು ಶೇಖರಣೆಯದು. ನೀರಿನಂಶ ಹೆಚ್ಚಾದ ಈ ಬೀಜ ಮಳೆಗಾಲದಲ್ಲಿ ಕೆಲವೇ ವಾರಗಳೊಳಗೆ ಮೊಳೆಯುತ್ತದೆ, ಇಲ್ಲವೆ ಬೂಷ್ಟು ಹಿಡಿಯುತ್ತದೆ. ಹಿಂದಿನವರು ಕೆಮ್ಮಣ್ಣು ಮೆತ್ತಿ ಅಥವಾ ಮರಳಿನಲ್ಲಿ ಹುದುಗಿಸಿ ಒಂದೆರಡು ತಿಂಗಳು ಕಾಪಾಡುತ್ತಿದ್ದರು. ಮನೆಬಳಕೆಗೆ ಅದು ಸಾಕು, ಮಾರಾಟಕ್ಕೆ ಸಾಲದು. ಬೇಯಿಸಿ, ಹೆಚ್ಚಿ, ಒಣಗಿಸಿ ಹಿಟ್ಟು ಮಾಡಬೇಕೆಂದರೆ ಆಷಾಢದಲ್ಲಿ ಬಿಸಿಲೆಲ್ಲಿಯದು? ಆದರೆ ಅಡಿಕೆ ಬೆಳೆಗಾರರ ಒಣಗಿಸುವ ಯಂತ್ರಗಳು ಕೊಯಿಲು ಮುಗಿದ ಆ ತಿಂಗಳುಗಳಲ್ಲಿ ಕೆಲಸವಿಲ್ಲದೆ ನಿಂತಿರುತ್ತವೆ. ಅವುಗಳನ್ನು ಬಾಡಿಗೆಗೆ ಪಡೆದು ಸ್ತ್ರೀಶಕ್ತಿ ಸಂಘಗಳು ಈ ಕೆಲಸವನ್ನು ಏಕೆ ಕೈಗೊಳ್ಳಬಾರದು? ಕೇರಳವು ೨೦೧೮ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಇಲ್ಲಿಯಾದರೋ ಮರವನ್ನು ನಾಟಾದ ಬೆಲೆಯಿಂದಲೇ ಅಳೆಯುವವರು ಬಹಳ. ಹಣ್ಣಿನಿಂದ ಕಾಸು ಹುಟ್ಟದಿದ್ದರೆ ಕೊಡಲಿಯನ್ನು ತಡೆಯುವುದು ಕಷ್ಟ.

೧೦ ಕಿಲೋಗ್ರಾಂ ತೂಗುವ ಹಣ್ಣಿನಿಂದ ಸುಮಾರು ೧ ಕಿಲೋಗ್ರಾಂ ಬೀಜ ದೊರೆಯುತ್ತದೆ. ಮೊದಲ ಪ್ರಯೋಗಕ್ಕೆ ಚಂದ್ರಗುತ್ತಿಯ ಸುತ್ತಲಿನ ನಾಲ್ಕಾರು ಹಳ್ಳಿಗಳು ಸಾಕು. ಯಂತ್ರವನ್ನು ಮಾತ್ರ ಮಳೆ ಹಿಡಿಯುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.