ಕೇಳದೆ ಹೇಳಲಾರದ ನೋವು

ಐವತ್ತರ ಆಸುಪಾಸಿನ ಗೃಹಿಣಿಯೊಬ್ಬಳು ಮೊಮ್ಮಗುವಿನ ನೆಪದಿಂದಲೋ, ಬೆಳಗಿನ ಪೂಜೆಗೆ ಮಡಿ ಕೆಡಬಾರದೆಂಬ ನೆಪದಿಂದಲೋ ತನ್ನ ಹಾಸಿಗೆಯನ್ನು ನಡುಮನೆಗೆ ಸಾಗಿಸಿಕೊಂಡಾಗ, ಬಂಧುವರ್ಗವು ಆಕೆಗೆ ವೈರಾಗ್ಯವುಂಟಾಯಿತೆಂದು ಮೆಚ್ಚಿಕೊಳ್ಳುವುದೂ, ಪತಿಯು ತನ್ನ ಮೇಲಿನ ಅಕ್ಕರೆ ಬತ್ತಿತೆಂದು ಒಳಗೊಳಗೇ ನೊಂದುಕೊಳ್ಳುವುದೂ ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಆ ವೈರಾಗ್ಯದ ಬುಡದಲ್ಲಿ ಅನೇಕ ವೇಳೆ ಇರುವುದು ಶುದ್ಧ ದೈಹಿಕವಾದ, ಚಿಕಿತ್ಸೆಗೆ ಬಗ್ಗುವ ಒಂದು ನೋವು.

ನಮ್ಮ ದೇಶದ ಸ್ತ್ರೀಯರಿಗೆ ಸಾಮಾನ್ಯವಾಗಿ 46–47ನೆಯ ವಯಸ್ಸಿನ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗಾದರೋ ಆ ಸ್ಥಿತಿಯು ಯಾವ ಸೂಚನೆಯೂ ಇಲ್ಲದೆ, ಎಳೆಯ ಪ್ರಾಯದಲ್ಲಿಯೇ ಒದಗುವುದುಂಟು. ಈಸ್ಟ್ರೊಜೆನ್ ಕುಗ್ಗಿದಂತೆಲ್ಲ ಯೋನಿಯ ಒಳಪದರವು ತೆಳುವಾಗಿ, ಸಹಜವಾದ ಆರ್ದ್ರತೆ ಕಡಿಮೆಯಾಗಿ, ಅಲ್ಲಿನ ಆಮ್ಲೀಯತೆಯನ್ನು ಕಾಪಾಡುತ್ತಿದ್ದ ಹಿತಕರ ಜೀವಾಣುಗಳು ಕ್ಷೀಣಿಸಿ, ಸಮಾಗಮವು ಉರಿ ಮತ್ತು ಸೀಳಿದಂತಹ ಯಾತನೆಯಾಗಿ ಪರಿಣಮಿಸುವುದಲ್ಲದೆ, ಉರಿಮೂತ್ರವೂ ಪದೇಪದೇ ಮರುಕಳಿಸಬಹುದು. ಮೈ ಬಿಸಿಯೇರಿ ಬೆವರುವ ಉಪದ್ರವವು ಬಹುಮಂದಿಗೆ ಕಾಲಕ್ರಮದಲ್ಲಿ ತಾನಾಗಿ ಇಳಿಯುತ್ತದೆ; ಈ ನೋವು ಹಾಗಲ್ಲ, ಉಪೇಕ್ಷಿಸಿದರೆ ಬೆಳೆಯುವಂಥದ್ದು. ಒಮ್ಮೆ ನೊಂದ ದೇಹವು ಮುಂದಿನ ಸಲ ನೋವನ್ನು ನಿರೀಕ್ಷಿಸಿಯೇ ಸ್ನಾಯುಗಳನ್ನು ಬಿಗಿಹಿಡಿಯುವುದರಿಂದ ನೋವು ಇಮ್ಮಡಿಸುತ್ತದೆ. ಆ ಬಿಗಿತವನ್ನು ಪತಿಯು ತಿರಸ್ಕಾರವೆಂದು ಓದಿಕೊಳ್ಳುತ್ತಾನೆ.

ಪರಿಹಾರಗಳು ದುರ್ಲಭವೇನಲ್ಲ. ಸಮಾಗಮದ ವೇಳೆಗೆ ಔಷಧದ ಅಂಗಡಿಯಲ್ಲಿ ದೊರೆಯುವ ಜಾರಕ ಜೆಲ್, ವಾರಕ್ಕೆ ಎರಡು ಮೂರು ಸಲ ಹಚ್ಚುವ ತೇವಾಂಶರಕ್ಷಕ ಲೇಪ, ಇವುಗಳಿಂದಲೇ ಎಷ್ಟೋ ಮಂದಿಗೆ ಶಮನವಾಗುತ್ತದೆ. ಸಾಲದಾದಾಗ ವೈದ್ಯರು ಅಲ್ಪ ಪ್ರಮಾಣದ ಈಸ್ಟ್ರೊಜೆನ್ನನ್ನು ಕ್ರೀಮಿನ ಅಥವಾ ಯೋನಿಯೊಳಗಿಡುವ ಮಾತ್ರೆಯ ರೂಪದಲ್ಲಿ ಕೊಡುತ್ತಾರೆ. ಗುಣ ತೋರಲು ಕೆಲವು ವಾರಗಳು ಬೇಕು. ಹಾರ್ಮೋನ್ ಎಂದೊಡನೆ ಬೆಚ್ಚುವ ಪರಿಪಾಠವು ಬಹುಮಟ್ಟಿಗೆ 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಿಂದ ಬಂದುದು. ಅಲ್ಲಿ ಪರೀಕ್ಷಿಸಿದ್ದು ನುಂಗುವ ಗುಳಿಗೆಗಳನ್ನೇ ಹೊರತು, ರಕ್ತಕ್ಕೆ ಅತ್ಯಲ್ಪವಾಗಿ ಸೇರುವ ಈ ಈಸ್ಟ್ರೊಜೆನ್ ಲೇಪವನ್ನಲ್ಲ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ಮಾತ್ರ ತಮ್ಮ ಕ್ಯಾನ್ಸರ್ ವೈದ್ಯರನ್ನು ವಿಚಾರಿಸದೆ ಇದಕ್ಕೆ ಕೈಹಾಕಲಾಗದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ ಯಾರೇ ಆಗಲಿ ತಡಮಾಡದೆ ಪರೀಕ್ಷೆಗೆ ಹೋಗತಕ್ಕದ್ದು. ಶುಚಿತ್ವದ ಅತಿರೇಕದಿಂದ ಸಾಬೂನು, ಡೆಟಾಲುಗಳಲ್ಲಿ ತೊಳೆದು ಇದ್ದ ಪಸೆಯನ್ನೂ ಕಳೆದುಕೊಳ್ಳುವವರಿಗೆ ಏನೆನ್ನಬೇಕೋ ತಿಳಿಯದು. ನೋವು ಶಮನವಾಗುವ ತನಕ ಸಂಭೋಗವನ್ನು ಬದಿಗಿಟ್ಟು ಸ್ಪರ್ಶ, ಆಲಿಂಗನ, ಸಲ್ಲಾಪಗಳಲ್ಲಿಯೇ ಸಾಮೀಪ್ಯವನ್ನು ಉಳಿಸಿಕೊಳ್ಳುವ ದಂಪತಿಗಳು ದಾಂಪತ್ಯದಲ್ಲಿ ಏನನ್ನೂ ಕಳೆದುಕೊಂಡವರಲ್ಲ.

ಹೀಗೆ ಉಪಾಯಗಳಿದ್ದೂ ನೋವು ಉಳಿದಿರುವುದೇಕೆಂದರೆ, ಅದನ್ನು ಯಾರೂ ಕೇಳುವುದಿಲ್ಲ, ಕೇಳದೆ ಯಾವ ಹೆಂಗಸೂ ಹೇಳುವುದಿಲ್ಲ. ಸರ್ಕಾರದ ಆರೋಗ್ಯಕೇಂದ್ರಗಳಲ್ಲಿ ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳ ತಪಾಸಣೆ ನಡೆಯಬೇಕೆಂಬ ಕ್ರಮವಿದೆ. ಅದೇ ಸಂದರ್ಭದಲ್ಲಿ ದಾದಿಯು, “ಮುಟ್ಟು ನಿಂತ ಮೇಲೆ ಯಜಮಾನರ ಜೊತೆ ಸೇರುವಾಗ ನೋವಾಗುತ್ತದೆಯೇ ಅಮ್ಮಾ?” ಎಂದು ಒಂದು ಪ್ರಶ್ನೆಯನ್ನು ಸೇರಿಸಿದರೆ ಸರ್ಕಾರಕ್ಕೆ ಆಗುವ ವೆಚ್ಚವೆಷ್ಟು?

ಈ ವಯಸ್ಸಿನಲ್ಲಿ ಇದೆಲ್ಲ ಏಕೆಂದು ಮೂಗುಮುರಿಯುವವರು ಇರುತ್ತಾರೆ. ಪುರುಷರ ಶಕ್ತಿವರ್ಧಕ ಲೇಹ್ಯಗಳ ಭಿತ್ತಿಪತ್ರಗಳು ಬಸ್ ನಿಲ್ದಾಣದ ಗೋಡೆಗಳನ್ನೆಲ್ಲ ಆಕ್ರಮಿಸಿರುವುದನ್ನು ನೋಡಿಯೂ ಈ ಮಹನೀಯರ ಮೂಗು ಮುರಿದುದನ್ನು ನಾನು ಕಂಡಿಲ್ಲ. ಆದರೆ ದಾದಿಯು ಆ ಪ್ರಶ್ನೆಯನ್ನು ಸೊಸೆಯ ಎದುರಿಗೆ, ಸಾಲು ನಿಂತ ಜನರ ನಡುವೆ ಕೇಳಿದರೆ “ಇಲ್ಲ” ಎಂಬ ಉತ್ತರವೇ ಬರುವುದರಿಂದ, ಬಾಗಿಲು ಮುಚ್ಚುವ ಒಂದು ಕೋಣೆಯನ್ನೂ, ಉತ್ತರ “ಹೌದು” ಎಂದಾದರೆ ಕೊಡಲು ಕಪಾಟಿನಲ್ಲಿ ಆ ಈಸ್ಟ್ರೊಜೆನ್ ಲೇಪವನ್ನೂ ಆರೋಗ್ಯ ಇಲಾಖೆಯು ಒದಗಿಸಬೇಕು.