ಸಂತೆಯ ಬೆಳಕು

ಮನುಷ್ಯನ ನಿತ್ಯಜೀವನವು ತನ್ನ ಶ್ರಮ, ಚಾತುರ್ಯ, ಆಸೆಗಳೆಲ್ಲದರೊಡನೆ ಬಯಲಿಗೆ ಬಂದು ನಿಲ್ಲುವ ಸ್ಥಳವೆಂದರೆ ಸಂತೆ. ಅದನ್ನು ಚಿತ್ರಿಸಹೊರಟ ಕಲಾವಿದನು ಮೊತ್ತಮೊದಲು ನಿರ್ಣಯಿಸಬೇಕಾದುದು, ಬೆಳಕು ಯಾರ ಮೇಲೆ ಬೀಳಬೇಕೆಂಬುದನ್ನು. ಡಚ್ ಚಿತ್ರಕಾರ ಪೆಟ್ರಸ್ ವಾನ್ ಶೆಂಡೆಲ್ (1806–1870) ರಾತ್ರಿಯ ಸಂತೆಗಳನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಬರೆದು, ಕಾಯಿಪಲ್ಲೆ ಮಾರುವ ಸಾಮಾನ್ಯ ಸ್ತ್ರೀಯ ಮುಖಕ್ಕೆ, ಪುರಾಣಪಾತ್ರಗಳಿಗೆ ಸಲ್ಲುವಂತಹ ಪ್ರಭೆಯನ್ನಿತ್ತನು. ಸುತ್ತಣ ಕತ್ತಲೆಯಿಲ್ಲದೆ ಆ ಗೌರವವು ಸಾಧ್ಯವಾಗುತ್ತಿರಲಿಲ್ಲ.

ನಮ್ಮ ಪರಂಪರೆಯ ದಾರಿ ಬೇರೆ. ಮೂಡುಬಿದಿರೆಯಲ್ಲಿ ಶತಮಾನಗಳಿಂದ ಸಂರಕ್ಷಿತವಾಗಿ ಬಂದ ಧವಲಾದಿ ಜೈನ ಸಿದ್ಧಾಂತಗ್ರಂಥಗಳ ತಾಳೆಗರಿಗಳಲ್ಲಿ, 12ನೆಯ ಶತಮಾನದ ಚಿತ್ರಕಾರರು ಬರೆದಿಟ್ಟ ಆಕೃತಿಗಳಿಗೆ ನೆರಳೆಂಬುದೇ ಇಲ್ಲ. ಅಲ್ಲಿ ಬೆಳಕು ಹೊರಗಿನಿಂದ ಬಂದು ವಸ್ತುವಿನ ಮೇಲೆ ಬೀಳುವುದಿಲ್ಲ. ರೇಖೆಯೊಳಗೆ ತುಂಬಿದ ವರ್ಣವೇ ಸ್ವತಃ ಬೆಳಗುತ್ತದೆ. ನೆರಳು ಹೊತ್ತನ್ನು ಸೂಚಿಸುವಂಥದು. ಕಾಲಾತೀತವನ್ನು ಧ್ಯಾನಿಸುವ ಚಿತ್ರಕ್ಕೆ ಹೊತ್ತಿನ ಹಂಗೇಕೆ?

ಸಂತೆಗಾದರೋ ಹೊತ್ತಿನ ಹಂಗುಂಟು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ಛಾಯಾಪ್ರಕಾಶದ ಶಿಸ್ತನ್ನು ಕಲಿತೂ ಅದರಲ್ಲಿ ತೃಪ್ತರಾಗದೆ, ಜೈನ ಹಸ್ತಪ್ರತಿಗಳ ಹಾಗೂ ರಾಜಪೂತ ಲಘುಚಿತ್ರಗಳ ಕಡೆಗೆ ತಿರುಗಿದುದು ಹೊತ್ತು-ಕಾಲಾತೀತಗಳ ಈ ದ್ವಂದ್ವದ ಫಲವೆಂದೇ ನಮ್ಮ ಭಾವನೆ. ಜನಜೀವನದ ಚಲನೆಯನ್ನು ಅವರು ಬಹುಮಟ್ಟಿಗೆ ರೇಖೆಯಿಂದಲೇ ಹಿಡಿದರು.

ಆದರೆ ಈ ಎರಡು ಮಾರ್ಗಗಳಲ್ಲಿ ಒಂದನ್ನು ತ್ಯಜಿಸಬೇಕಾದ ಅಗತ್ಯವೇ ತುಳುನಾಡಿನ ಚಿತ್ರಕಾರನಿಗಿಲ್ಲ. ನೇತ್ರಾವತಿಯ ದಡದ ಬಂಟ್ವಾಳದಲ್ಲಿ, ಚಾರ್ಮಾಡಿ ಘಟ್ಟದ ಬುಡಕ್ಕೆ ಹತ್ತಿರವಾದ ಬೆಳ್ತಂಗಡಿಯಲ್ಲಿ, ಬಸದಿಗಳ ಊರಾದ ಮೂಡುಬಿದಿರೆಯಲ್ಲಿ ಬೇಸಗೆಯ ನಡುಹಗಲು ಸಂತೆಯಲ್ಲಿ ನಿಂತು ನೋಡಿದವರಿಗೆ, ಅಡಕೆ ಹಾಳೆಯ ಮುಟ್ಟಾಳೆಯ ಅಂಚಿನಿಂದ ಮುಖದ ಮೇಲಿಳಿದ ಕರಿಯ ಗೆರೆಯೂ, ಮುರಕಲ್ಲಿನ ನೆಲದಿಂದ ಪುಟಿದು ಗಲ್ಲವನ್ನು ಕೆಂಪಾಗಿಸುವ ಬಿಸಿಲೂ ಛಾಯಾಪ್ರಕಾಶದ ಪಾಠವನ್ನು ತಾವಾಗಿಯೇ ಹೇಳುತ್ತವೆ. ಅದೇ ಸಂತೆಯನ್ನು ಮಳೆಗಾಲದ ಆಟಿಯ ತಿಂಗಳಲ್ಲಿ ನೋಡಬೇಕು: ಮೋಡ ಮುಚ್ಚಿದ ಆಕಾಶದಿಂದ ಬೆಳಕು ದಿಕ್ಕಿಲ್ಲದೆ ಹರಡಿ, ನೆರಳೆಲ್ಲವೂ ಅಳಿದು, ಬಾಳೆಲೆಯ ಹಸುರು, ಅರಸಿನದ ಹಳದಿ, ಮಲ್ಲಿಗೆಯ ಬಿಳುಪುಗಳು ತಾಳೆಗರಿಯ ವರ್ಣಗಳಂತೆ ತಮ್ಮೊಳಗಿನಿಂದಲೇ ಉಜ್ವಲಿಸುತ್ತವೆ. ಎರಡು ಸಂಪ್ರದಾಯಗಳೆಂದು ನಾವು ಬಗೆದವು ಈ ನೆಲದ ಎರಡು ಋತುಗಳೂ ಹೌದು.

ಆದುದರಿಂದ, ಛಾಯಾಚಿತ್ರವನ್ನು ಮುಂದಿರಿಸಿಕೊಂಡು, ಪರದೇಶದ ಕಂದುಗತ್ತಲೆಯನ್ನು ನಮ್ಮ ಅಂಗಡಿಬೀದಿಗಳಿಗೆ ಬಳಿಯುವ ಅಭ್ಯಾಸವನ್ನು ತರುಣ ಕಲಾವಿದರು ಬಿಡಬೇಕು. ವರ್ಷದ ಎಲ್ಲ ಋತುಗಳಲ್ಲಿಯೂ ಸಂತೆಯಲ್ಲಿ ಕುಳಿತು ಬರೆಯಬೇಕು. ಬುಟ್ಟಿ ಹೆಣೆಯುವವನನ್ನೂ, ಒಣಮೀನು ಮಾರುವವಳನ್ನೂ ಅಲಂಕಾರಕ್ಕೆಂದಲ್ಲದೆ ವ್ಯಕ್ತಿಗಳೆಂದು ಕಾಣಬೇಕು. ಬೆಳಕನ್ನು ಹಂಚುವ ಅಧಿಕಾರವು ಕುಂಚಕ್ಕೆ ದೊರೆತಿರುವಾಗ, ಅದನ್ನು ನ್ಯಾಯವಾಗಿ ಹಂಚುವುದು ಕಲಾವಿದನ ಧರ್ಮ.