ಅಪರೂಪದ ಕಡಲ ಮೀನು: ಕೊಳ್ಳುವ ಮುನ್ನ ಒಂದು ಪ್ರಶ್ನೆ

ಮನೆಯಲ್ಲಿ ಅಕ್ವೇರಿಯಂ ಇಡುವುದು ಹೊಸದಲ್ಲ. ಗಪ್ಪಿ, ಗೋಲ್ಡ್‌ಫಿಶ್‌ನಂಥ ಸಿಹಿನೀರಿನ ಮೀನುಗಳು ಬಹುಪಾಲು ಸಾಕಣೆ ಕೇಂದ್ರಗಳಲ್ಲೇ ಹುಟ್ಟಿದವು. ಉಪ್ಪುನೀರಿನ ಬಣ್ಣದ ಮೀನುಗಳ ವಿಷಯ ಹಾಗಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಇಂದಿಗೂ ಸಮುದ್ರದಿಂದಲೇ ಹಿಡಿದು ತರುತ್ತಾರೆ.

ಇಂಡೋನೇಷ್ಯಾದ ಬಂಗ್ಗಾಯ್ ಕಾರ್ಡಿನಲ್ ಮೀನನ್ನೇ ನೋಡಿ. ಬೆಳ್ಳಿಬಣ್ಣದ ಮೈ, ಅಡ್ಡಲಾಗಿ ಕಪ್ಪು ಪಟ್ಟೆ, ಬಿಳಿ ಚುಕ್ಕೆ, ಸೀಳಿದ ಬಾಲ, ಗುರುತಿಸುವುದು ಸುಲಭ. ಸುಲಾವೇಸಿ ಬಳಿಯ ಬಂಗ್ಗಾಯ್ ದ್ವೀಪಗಳ ಸುತ್ತಮುತ್ತಲೇ ಇದರ ಮೂಲ ನೆಲೆ. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಮರಿಗಳು ನೀರಿನ ಸೆಳೆತದಲ್ಲಿ ದೂರ ಹೋಗುವುದಿಲ್ಲ. ಹೀಗಾಗಿ ಒಂದು ಜಾಗ ಬರಿದಾದರೆ ಬೇರೆಡೆಯ ಮೀನು ಬಂದು ತುಂಬುವುದು ಕಷ್ಟ. 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಈ ಮೀನನ್ನು 2007ರಲ್ಲಿ ಐಯುಸಿಎನ್ ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಪ್ರಸ್ತಾವ 2007 ಮತ್ತು 2016ರ ಸೈಟ್ಸ್ ಸಮ್ಮೇಳನಗಳಲ್ಲಿ ಬಂದಿತ್ತು. ಎರಡೂ ಸಲ ಹಿಂದಕ್ಕೆ ಪಡೆದರು.

ಕಾನೂನು ತಡವಾದಲ್ಲಿ ಗಿರಾಕಿಯ ಮಾತಿಗೆ ಬೆಲೆ ಹೆಚ್ಚು. ಈ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸಬಹುದು. ಥಾಯ್ಲೆಂಡ್‌ನಲ್ಲಿ ಹಾಗೆ ಬೆಳೆಸಿ ರಫ್ತು ಮಾಡಿದ್ದಾರೆ. ನಮ್ಮ ದೇಶದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನ ರೂಪಿಸಿದೆ. ಕಡಲಕುದುರೆ ಮತ್ತು ಹವಳದ ಆಸೆಯಂತೂ ಬೇಡ. 2001ರಿಂದ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ಉಳಿದ ಮೀನು ಕೊಳ್ಳುವಾಗ ಅಂಗಡಿಯವರನ್ನು ಕೇಳಿ: ಇದು ಸಾಕಣೆಯದೋ, ಸಮುದ್ರದಿಂದ ಹಿಡಿದದ್ದೋ? ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಹತ್ತು ಜನ ಕೇಳಿದರೆ ವ್ಯಾಪಾರಿಯೂ ಸಾಕಿದ ಮೀನನ್ನೇ ತರಿಸುತ್ತಾರೆ.